ಶಾಪಗ್ರಸ್ತನಿಗೆ ಸಾವಿನ ವರ ನೀಡಿದ ಬಿ.ಎಂ.ಶ್ರೀ.

ಜನವರಿಯ ಮೊದಲ ವಾರದಲ್ಲಿ ಕನ್ನಡಿಗರು ನೆನೆಯಬೇಕಾದ ದಿನಗಳು ಎರಡಿವೆ. 1884ರ ಜನವರಿ 3ರಂದು ತುಮಕೂರು ಸೀಮೆಯ ಸಂಪಿಗೆ ಎಂಬ ಗ್ರಾಮದಲ್ಲಿ ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು ಜನಿಸಿದರು. 1946ರ ಜನವರಿ 5ರಂದು ಧಾರವಾಡದಲ್ಲಿ ಕಣ್ಮುಚ್ಚಿದರು. ಅರವತ್ತೆರಡು ವರ್ಷ ತುಂಬಿ ಎರಡೇ ದಿನ ಕಳೆದಿತ್ತು. ಹೊಸಗನ್ನಡ ಕಾವ್ಯದ ಹರಿಕಾರ, ಕನ್ನಡದ ಕಣ್ವ ಎಂದೆಲ್ಲ ನಾಡು ಅವರನ್ನು ಕೊಂಡಾಡಿದೆ. ‘ಇಂಗ್ಲಿಷ್ ಗೀತಗಳು’ ಎಂಬ ಕೃತಿಯ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅದೇ ಲೇಖನಿ ಎರಡೂವರೆ ಸಾವಿರ ವರ್ಷಗಳ ಹಿಂದಿನ ಗ್ರೀಕರ ಪ್ರಾರ್ಥನೆಯನ್ನೂ ಶಾಪವನ್ನೂ ತರ್ಪಣವನ್ನೂ ಕನ್ನಡದ ನಾಲಗೆಗೆ ತಂದಿತು ಎಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ.

ಆ ಕೆಲಸ ಸುಲಭದ್ದಾಗಿರಲಿಲ್ಲ. ಅದಕ್ಕಾಗಿ ಅವರು ಮಹಾಭಾರತದ ಒಬ್ಬ ಚಿರಂಜೀವಿಯನ್ನು ರಂಗದ ಮೇಲೆ ಸಾಯಿಸಬೇಕಾಯಿತು. ಶ್ರೀಕೃಷ್ಣನೇ ಕೊಟ್ಟ ಶಾಪವನ್ನು ಮೀರಬೇಕಾಯಿತು. ಸಂಪ್ರದಾಯಸ್ಥ ಮನೆತನದಲ್ಲಿ ಹುಟ್ಟಿ, ಸರ್ಕಾರಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಸೌಮ್ಯ ಸ್ವಭಾವದ ಅಧ್ಯಾಪಕರೊಬ್ಬರು ಇಂಥ ಸಾಹಸಕ್ಕೆ ಏಕೆ ಕೈಹಾಕಿದರು? ಅವರ ಬದುಕಿನ ಜಾಡಿನಲ್ಲಿಯೇ ಉತ್ತರವನ್ನು ಹುಡುಕಬೇಕು.

ಶಾಪದ ಊರಿನ ಬಾಲ್ಯ

ತಂದೆ ಮೈಲಾರಯ್ಯ, ತಾಯಿ ಭಾಗೀರಥಮ್ಮ. ಮನೆತನದ ಊರು ಇಂದಿನ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಹುಡುಗನ ಮೊದಲ ಓದು ಸಾಗಿದ್ದು ಶ್ರೀರಂಗಪಟ್ಟಣದಲ್ಲಿ. ಕಾವೇರಿ ಎರಡು ಕವಲಾಗಿ ಸುತ್ತುವರಿದ ಆ ದ್ವೀಪದ ಊರಿಗೂ ಒಂದು ಶಾಪದ ಕಥೆಗೂ ಬಿಡಿಸಲಾಗದ ನಂಟಿದೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲರಾಯನಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ತಿರುಮಲರಾಯನ ಪತ್ನಿ ಅಲಮೇಲಮ್ಮ, ಒಡವೆಗಾಗಿ ಬೆನ್ನಟ್ಟಿದವರಿಂದ ತಪ್ಪಿಸಿಕೊಳ್ಳಲು ಕಾವೇರಿಗೆ ಹಾರುವ ಮುನ್ನ ಮೂರು ಶಾಪಗಳನ್ನು ಇತ್ತಳೆಂದು ಐತಿಹ್ಯ ಹೇಳುತ್ತದೆ. ತಲಕಾಡು ಮರಳಿನಲ್ಲಿ ಮುಚ್ಚಿಹೋಗಬೇಕು, ಮಾಲಂಗಿಯಲ್ಲಿ ಹೊಳೆ ಆಳವಾದ ಮಡುವಾಗಬೇಕು, ಮೈಸೂರು ದೊರೆಗಳಿಗೆ ಮಕ್ಕಳಾಗಬಾರದು.

ಆ ಸೀಮೆಯಲ್ಲಿ ಬೆಳೆದವರಿಗೆ ಈ ಕಥೆ ಹೊಸದಲ್ಲ. ಅರಮನೆಯೂ ಅದನ್ನು ಹಗುರವಾಗಿ ಕಂಡಿಲ್ಲ. ಅಲಮೇಲಮ್ಮನ ಪ್ರತಿಮೆಗೆ ಅಲ್ಲಿ ಪೂಜೆ ಸಲ್ಲುತ್ತ ಬಂದಿದೆ. ಶಪಿಸಿದವಳನ್ನೇ ತಾಯಿಯಾಗಿ ಪೂಜಿಸಿ ಶಾಂತಗೊಳಿಸುವ ಈ ಕ್ರಮಕ್ಕೆ ಪ್ರಾಚೀನ ಗ್ರೀಸಿನಲ್ಲಿ ನಿಚ್ಚಳವಾದ ಹೋಲಿಕೆಯಿದೆ. ರಕ್ತಪಾತಕ್ಕೆ, ಮುರಿದ ಆಣೆಗೆ ಸೇಡು ತೀರಿಸಿಕೊಳ್ಳುವ ಎರಿನ್ಯುಸ್ ಎಂಬ ಉಗ್ರದೇವತೆಯರನ್ನು ಅಲ್ಲಿನ ಜನ ಹೆಸರು ಹಿಡಿದು ಕರೆಯಲು ಅಂಜುತ್ತಿದ್ದರು. ಯೂಮೆನಿಡಿಸ್, ಅಂದರೆ ಒಳಿತು ಬಯಸುವ ತಾಯಂದಿರು ಎಂದು ಕರೆದು ನೈವೇದ್ಯ ಇಡುತ್ತಿದ್ದರು. ಸಿಡುಬನ್ನು ಅಮ್ಮ ಎಂದು ಕರೆದ ನಮ್ಮ ಹಳ್ಳಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶ್ರೀರಂಗಪಟ್ಟಣದಿಂದ ಮೈಸೂರು, ಅಲ್ಲಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಅನಂತರ ಮದರಾಸು ಹೀಗೆ ಶ್ರೀಕಂಠಯ್ಯನವರ ವಿದ್ಯಾಭ್ಯಾಸ ಮುಂದುವರಿಯಿತು. ಮದರಾಸಿನಲ್ಲಿ ಕಾನೂನು ಪದವಿಯನ್ನೂ ಎಂ.ಎ. ಪದವಿಯನ್ನೂ ಪಡೆದರು. ವಕೀಲಿಯ ದಾರಿ ತೆರೆದಿದ್ದರೂ ಅವರು ಆರಿಸಿಕೊಂಡದ್ದು ಅಧ್ಯಾಪನವನ್ನು. 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದರು.

ಧಾರವಾಡದಲ್ಲಿ ತೊಟ್ಟ ವ್ರತ

ಕೆಲಸಕ್ಕೆ ಸೇರಿದ ಎರಡೇ ವರ್ಷಕ್ಕೆ, 1911ರಲ್ಲಿ, ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಅವರು ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಉಪನ್ಯಾಸ ನೀಡಿದರು. ಆಗ ಅವರ ವಯಸ್ಸು ಇಪ್ಪತ್ತೇಳು. ಕನ್ನಡ ಬಲ್ಲ ವಿದ್ಯಾವಂತರೇ ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದ ಕಾಲವದು. ಕನ್ನಡನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿತ್ತು. ಇಂಗ್ಲಿಷ್ ಕಲಿಸಿ ಸಂಬಳ ಪಡೆಯುವ ಮೈಸೂರಿನ ತರುಣನೊಬ್ಬ ಮುಂಬಯಿ ಪ್ರಾಂತದ ಊರಿಗೆ ಬಂದು, ಕನ್ನಡ ಮೇಲೇಳಬೇಕಾದರೆ ಏನೇನು ಆಗಬೇಕೆಂದು ಹೇಳಿದ್ದು ಅಂದಿನ ಮಟ್ಟಿಗೆ ಅಪರೂಪದ ಸಂಗತಿ. ಅದನ್ನು ಉಪನ್ಯಾಸವೆನ್ನುವುದಕ್ಕಿಂತ ಸಾರ್ವಜನಿಕವಾಗಿ ತೊಟ್ಟ ವ್ರತವೆಂದರೆ ಹೆಚ್ಚು ಸರಿಯಾದೀತು. ಮುಂದಿನ ಮೂವತ್ತೈದು ವರ್ಷ ಅವರು ಮಾಡಿದ್ದು ಆ ವ್ರತದ ಪಾಲನೆಯನ್ನೇ.

1920ರ ದಶಕದ ಆರಂಭದಲ್ಲಿ ಕಿರಿದಾಗಿ ಹೊರಬಂದು 1926ರಲ್ಲಿ ವಿಸ್ತಾರಗೊಂಡ ‘ಇಂಗ್ಲಿಷ್ ಗೀತಗಳು’ ಕನ್ನಡ ಕಾವ್ಯದ ದಿಕ್ಕನ್ನೇ ಬದಲಿಸಿತು. ಆ ಸಂಗ್ರಹದಲ್ಲಿ ಇಂದಿಗೂ ಶಾಲೆಗಳಲ್ಲಿ, ಸಭೆಗಳಲ್ಲಿ ಕೇಳಿಬರುವ ರಚನೆ ಒಂದು ಪ್ರಾರ್ಥನೆ. ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ಹಡಗಿನ ಪ್ರಯಾಣದಲ್ಲಿ ಬರೆದ ಸ್ತೋತ್ರದ ಕನ್ನಡ ರೂಪವದು. ಬೆಳಕನ್ನೇ ಸಂಬೋಧಿಸುವ ಆ ಪದ್ಯವನ್ನು ಯಾವ ಮತದವರು ಹಾಡಿದರೂ ಅದು ಅವರದೇ ಪ್ರಾರ್ಥನೆಯಾಗುತ್ತದೆ. ಪರಭಾಷೆಯ ಪ್ರಾರ್ಥನೆಯನ್ನು ತರುವಾಗ ದೇವರ ಹೆಸರಿಗಿಂತ ಬೇಡುವವನ ಸ್ಥಿತಿ ಮುಖ್ಯ ಎಂಬ ತಿಳಿವಳಿಕೆ ಅಲ್ಲಿಯೇ ಮೊಳೆತಿತ್ತು. ಗ್ರೀಕ್ ನಾಟಕಗಳನ್ನು ಕೈಗೆತ್ತಿಕೊಂಡಾಗ ಅವರಿಗೆ ಒದಗಿದ್ದು ಇದೇ ತಿಳಿವಳಿಕೆ.

ಹರಕೆ ಒಂದು, ಅರ್ಥ ಎರಡು

ಗ್ರೀಕರ ಪ್ರಾರ್ಥನೆ ಎಂಥದು ಎಂಬುದನ್ನು ಇಲ್ಲಿ ಸ್ವಲ್ಪ ನೋಡಬೇಕು. ಅವರ ಭಾಷೆಯಲ್ಲಿ ಯೂಖೆ ಎಂಬ ಒಂದೇ ಪದ ಪ್ರಾರ್ಥನೆಯನ್ನೂ ಸೂಚಿಸುತ್ತದೆ, ಹರಕೆಯನ್ನೂ ಸೂಚಿಸುತ್ತದೆ. ಆರಾ ಎಂಬ ಇನ್ನೊಂದು ಪದಕ್ಕೆ ಪ್ರಾರ್ಥನೆ ಎಂದೂ ಅರ್ಥ, ಶಾಪ ಎಂದೂ ಅರ್ಥ. ಹೋಮರನ ‘ಇಲಿಯಡ್’ ಕಾವ್ಯದ ಆರಂಭದಲ್ಲಿ ಪೂಜಾರಿ ಖ್ರೈಸಿಸನಿಗೆ ಬಳಸಿರುವ ಪದವೂ ಇದೇ ಮೂಲದ್ದು. ಮಗಳನ್ನು ಸೆರೆಯಿಂದ ಬಿಡಿಸಿಕೊಳ್ಳಲಾಗದೆ ಅವಮಾನಿತನಾದ ಆ ಮುದುಕ ಕಡಲ ದಂಡೆಯಲ್ಲಿ ಒಬ್ಬನೇ ನಿಂತು ಅಪೊಲೊ ದೇವನನ್ನು ಬೇಡುತ್ತಾನೆ. ನಿನಗೆ ಗುಡಿ ಕಟ್ಟಿದ್ದೇನೆ, ಬಲಿ ಅರ್ಪಿಸಿದ್ದೇನೆ ಎಂದು ಹಳೆಯ ಸೇವೆಯನ್ನು ನೆನಪಿಸಿ, ಅದಕ್ಕೆ ಪ್ರತಿಯಾಗಿ ನನ್ನ ಕಣ್ಣೀರಿನ ಬೆಲೆಯನ್ನು ಗ್ರೀಕರಿಂದ ವಸೂಲು ಮಾಡು ಎನ್ನುತ್ತಾನೆ. ಒಂಬತ್ತು ದಿನ ಪಾಳೆಯದಲ್ಲಿ ಮಾರಿ ಬೀಳುತ್ತದೆ. ಮಗಳು ಮರಳಿದ ಮೇಲೆ ಅದೇ ಮುದುಕ ಅದೇ ದೇವರನ್ನು ಬೇಡಿ ಮಾರಿಯನ್ನು ನಿಲ್ಲಿಸುತ್ತಾನೆ. ಹಾಕಿದ ಶಾಪವೂ ಬೇಡಿದ ಬಿಡುಗಡೆಯೂ ಅವನಿಗೆ ಪ್ರಾರ್ಥನೆಯೇ.

ಕನ್ನಡಿಗರಿಗೆ ಇದು ವಿಚಿತ್ರವಾಗಿ ತೋರಬೇಕಾಗಿಲ್ಲ. ಹಳಗನ್ನಡದ ಪರಕೆಯೇ ನಮ್ಮ ಹರಕೆ. ಪರಸು ಎಂಬುದೇ ಹರಸು. ಹರಸುವುದು ಆಶೀರ್ವಾದ, ಹರಕೆ ಹೊರುವುದು ಸಂಕಲ್ಪ, ಬೇರು ಒಂದೇ. ಸಂಸ್ಕೃತದಿಂದ ಬಂದ ಶಾಪ ಮತ್ತು ಶಪಥ ಎಂಬ ಎರಡು ಪದಗಳೂ ಒಂದೇ ಧಾತುವಿನಿಂದ ಹುಟ್ಟಿದವು. ಶಪಥ ಮಾಡುವುದೆಂದರೆ, ತಪ್ಪಿದರೆ ನನಗೇ ಕೇಡಾಗಲಿ ಎಂದು ತನ್ನನ್ನು ತಾನೇ ಶಪಿಸಿಕೊಳ್ಳುವುದು. ಗ್ರೀಕರ ಆಣೆಯೂ ಹೀಗೆಯೇ. ‘ಇಲಿಯಡ್’ ಕಾವ್ಯದಲ್ಲಿ ಎರಡು ಸೈನ್ಯಗಳು ಒಪ್ಪಂದ ಮಾಡಿಕೊಳ್ಳುವಾಗ ದ್ರಾಕ್ಷಾರಸವನ್ನು ನೆಲಕ್ಕೆ ಸುರಿದು, ಮಾತು ಮುರಿದವರ ಮಿದುಳು ಹೀಗೆಯೇ ಮಣ್ಣುಪಾಲಾಗಲಿ ಎಂದು ಎರಡೂ ಕಡೆಯವರು ಕೋರುತ್ತಾರೆ.

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಯ ಕಡೆ ಹೋದರೆ ಹರಕೆ ಇಂದಿಗೂ ದಿನಬಳಕೆಯ ಮಾತು. ಹೊಗೆಸೊಪ್ಪಿನ ಬೆಳೆ ಕೈಹಿಡಿಯಲಿ, ಮಗುವಿನ ಜ್ವರ ಇಳಿಯಲಿ ಎಂದು ಹಳದಿ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪು ತೆಗೆದಿರಿಸುವವರಿದ್ದಾರೆ. ಪಿರಿಯಾಪಟ್ಟಣದ ಮಸಣಿಕಮ್ಮನಿಗೆ, ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನಿಗೆ ನಡೆದುಕೊಳ್ಳುವ ಒಕ್ಕಲುಗಳು ಹುಣಸೂರು, ಕೃಷ್ಣರಾಜನಗರದ ಕಡೆಯೂ ಇವೆ. ಮುಡಿ ಕೊಡುವ ಹರಕೆ ಯಾರಿಗೆ ತಿಳಿಯದು? ಹೋಮರನ ಅಖಿಲೀಸನ ತಂದೆಯೂ ಅಂಥದೇ ಹರಕೆ ಹೊತ್ತಿದ್ದ. ಮಗ ಯುದ್ಧದಿಂದ ಸುರಕ್ಷಿತವಾಗಿ ಮರಳಿದರೆ ಅವನ ಕೂದಲನ್ನು ತಮ್ಮೂರಿನ ಸ್ಪರ್ಖಿಯಸ್ ನದಿಗೆ ಅರ್ಪಿಸುವೆನೆಂದು ಹೇಳಿಕೊಂಡಿದ್ದ. ತಾನು ಮರಳಲಾರೆನೆಂದು ಅರಿತ ಅಖಿಲೀಸ ಆ ಕೂದಲನ್ನು ಕತ್ತರಿಸಿ ಸತ್ತ ಗೆಳೆಯನ ಕೈಯಲ್ಲಿ ಇಡುತ್ತಾನೆ. ತೀರದ ಹರಕೆಯ ನೋವು ಇದಕ್ಕಿಂತ ಚಿಕ್ಕದಾಗಿ, ಇದಕ್ಕಿಂತ ಆಳವಾಗಿ ಹೇಳಲು ಬಾರದು.

ಶಾಪ ಊರಿನ ಕಾನೂನಿನ ಕೆಲಸವನ್ನೂ ಮಾಡುತ್ತಿತ್ತು. ಕ್ರಿ.ಪೂ. ಐದನೆಯ ಶತಮಾನದಲ್ಲಿ ಟಿಯಾಸ್ ಎಂಬ ಗ್ರೀಕ್ ನಗರ, ಜನರಿಗೆ ವಿಷವಿಕ್ಕುವವರ, ಧಾನ್ಯದ ಆಮದನ್ನು ತಡೆಯುವವರ ಕುಲವೇ ನಾಶವಾಗಲಿ ಎಂದು ಕಲ್ಲಿನಲ್ಲಿ ಕೆತ್ತಿಸಿತ್ತು. ಅಧಿಕಾರಿಗಳು ವರ್ಷಕ್ಕೆ ಮೂರು ಹಬ್ಬಗಳಲ್ಲಿ ಆ ಶಾಪವನ್ನು ಗಟ್ಟಿಯಾಗಿ ಓದಬೇಕಿತ್ತು. ನಮ್ಮ ದಾನಶಾಸನಗಳ ಕೊನೆಯ ಸಾಲುಗಳನ್ನು ಕಂಡವರಿಗೆ ಈ ಕ್ರಮ ಪರಿಚಿತ. ದತ್ತಿಯನ್ನು ಕೆಡಿಸಿದವನಿಗೆ ವಾರಾಣಸಿಯಲ್ಲಿ ಗೋವುಗಳನ್ನು ಕೊಂದ ಪಾಪ ತಟ್ಟುತ್ತದೆ ಎಂಬ ಮಾತು ಸಾವಿರಾರು ಕಲ್ಲುಗಳ ಮೇಲಿದೆ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಹಲ್ಮಿಡಿ ಶಾಸನವೂ ದಾನವನ್ನು ಅಳಿಸುವವನಿಗೆ ಮಹಾಪಾತಕವನ್ನು ವಿಧಿಸುತ್ತದೆ. ಕನ್ನಡದ ಅತಿ ಹಳೆಯ ಬರಹಗಳಲ್ಲೊಂದರಲ್ಲೇ ಶಾಪ ಸೇರಿಕೊಂಡಿದೆ.

ಶಪಥ ಮತ್ತು ಶಾಪ ಕೂಡಿದ ತೊಡೆ

ಇಂಥ ನೆಲದಲ್ಲಿ ಗ್ರೀಕ್ ನಾಟಕದ ಬೀಜ ಬಿತ್ತುವ ಮುನ್ನ ಶ್ರೀಕಂಠಯ್ಯನವರು ನೆಲವನ್ನು ಹದಗೊಳಿಸಿದರು. 1926ರಲ್ಲಿ ‘ಗದಾಯುದ್ಧ ನಾಟಕಂ’ ಬಂದಿತು. ಹತ್ತನೆಯ ಶತಮಾನದ ಕವಿ ರನ್ನ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದ ಕಾವ್ಯದಿಂದ ಆಯ್ದು ರೂಪಿಸಿದ ಕೃತಿಯಿದು. ರನ್ನನ ಆಶ್ರಯದಾತ ಭೀಮನಾದರೂ ಕಾವ್ಯದ ಮರುಕ ಸುಯೋಧನನ ಕಡೆಗೆ ಹರಿಯುತ್ತದೆ. ಆ ಹರಿವನ್ನು ಹಿಡಿದು ಅವರು ಕನ್ನಡಕ್ಕೆ ರುದ್ರನಾಟಕದ ನಾಯಕನೊಬ್ಬನನ್ನು ಕೊಟ್ಟರು.

ಭಾರತದ ಕಥೆಯಲ್ಲಿ ದುರ್ಯೋಧನನ ತೊಡೆಯ ಮೇಲೆ ಎರಡು ಮಾತುಗಳು ಬಂದು ಕೂಡುತ್ತವೆ. ದ್ಯೂತಸಭೆಯಲ್ಲಿ ಆ ತೊಡೆಯನ್ನು ಮುರಿಯುವೆನೆಂದು ಭೀಮ ಶಪಥ ಮಾಡಿದ್ದು ಒಂದು. ಹಿತವಚನ ಹೇಳಲು ಬಂದ ಮೈತ್ರೇಯ ಋಷಿಯ ಎದುರು ದುರ್ಯೋಧನ ತೊಡೆ ತಟ್ಟಿ ಉದಾಸೀನ ತೋರಿದಾಗ, ಭೀಮನ ಗದೆಯಿಂದಲೇ ಅದು ಮುರಿಯಲಿ ಎಂದು ಋಷಿ ಶಪಿಸಿದ್ದು ಇನ್ನೊಂದು. ಆಡಿದ ಮಾತು ಆಡಿದವನ ಕೈಮೀರಿ ನಡೆಯುತ್ತದೆ ಎಂಬುದು ಗ್ರೀಕ್ ನಾಟಕಕಾರರ ನಂಬಿಕೆಯೂ ಹೌದು, ವ್ಯಾಸರ ನಂಬಿಕೆಯೂ ಹೌದು. ಎರಡು ದಡಗಳ ನಡುವೆ ಸೇತುವೆ ಸಾಧ್ಯವಿದ್ದುದು ಇದರಿಂದಲೇ.

ಅಡ್ಡಿ ಇದ್ದದ್ದು ಬೇರೆಡೆ. ಸಂಸ್ಕೃತ ನಾಟಕ ಸಾಮಾನ್ಯವಾಗಿ ಮಂಗಳದಲ್ಲಿ ಮುಗಿಯುತ್ತದೆ. ರಂಗದ ಮೇಲೆ ನಾಯಕನ ಸಾವನ್ನು ತೋರಿಸುವುದು ನಿಷಿದ್ಧ. ತಿರುವನಂತಪುರದಲ್ಲಿ 1912ರಿಂದ ಅಚ್ಚಾಗತೊಡಗಿದ ಭಾಸನ ನಾಟಕಗಳ ಪೈಕಿ ‘ಊರುಭಂಗ’ ಅಪವಾದವಾಗಿ ಕಂಡಿತ್ತು. ಆದರೂ ದುಃಖದಲ್ಲಿ ಕೊನೆಗೊಳ್ಳುವ ಘನವಾದ ನಾಟಕ ಕನ್ನಡಕ್ಕೆ ಹೊರಗಿನದೇ ಆಗಿತ್ತು. ಆ ಬಾಗಿಲನ್ನು ತೆರೆಯಲು ಅವರು ಸೊಫೊಕ್ಲಿಸನನ್ನು ಆರಿಸಿಕೊಂಡರು.

ಪ್ರಾರ್ಥಿಸಲು ಒಲ್ಲದ ವೀರ

ಸೊಫೊಕ್ಲಿಸನ ‘ಅಯಾಸ್’ ಪ್ರಾರ್ಥನೆಯ ನಿರಾಕರಣೆಯಿಂದ ಹುಟ್ಟಿದ ನಾಟಕ. ಟ್ರಾಯ್ ಯುದ್ಧಕ್ಕೆ ಹೊರಟ ಮಗನಿಗೆ ತಂದೆ ಒಂದು ಬುದ್ಧಿಮಾತು ಹೇಳುತ್ತಾನೆ: ಗೆಲ್ಲು, ಆದರೆ ದೇವರ ನೆರವಿನಿಂದ ಗೆಲ್ಲು. ದೇವರ ನೆರವಿದ್ದರೆ ಹೇಡಿಯೂ ಗೆದ್ದಾನು, ನನಗೆ ಅದು ಬೇಡ ಎಂದು ಅಯಾಸ್ ಬೀಗುತ್ತಾನೆ. ರಣದಲ್ಲಿ ಬೆನ್ನಿಗೆ ಬಂದ ಅಥೀನಾ ದೇವಿಗೂ ಬೇರೆಯವರ ಬಳಿ ನಿಲ್ಲು ಎಂದುಬಿಡುತ್ತಾನೆ. ಮಡಿದ ಅಖಿಲೀಸನ ಆಯುಧಗಳು ತನಗೆ ಬಾರದೆ ಒಡಿಸ್ಯೂಸನ ಪಾಲಾದಾಗ, ನಾಯಕರನ್ನೆಲ್ಲ ಇರುಳಿನಲ್ಲಿ ಕೊಲ್ಲಲು ಹೊರಡುತ್ತಾನೆ. ದೇವಿ ಅವನ ಬುದ್ಧಿಯನ್ನು ಕವಿಯುತ್ತಾಳೆ. ಅವನು ದನಕುರಿಗಳ ಮಂದೆಯನ್ನೇ ಶತ್ರುಗಳೆಂದು ತಿಳಿದು ಕತ್ತರಿಸುತ್ತಾನೆ. ಬೆಳಗಾಗುತ್ತದೆ, ಭ್ರಮೆ ಹರಿಯುತ್ತದೆ, ಲಜ್ಜೆ ಉಳಿಯುತ್ತದೆ.

ದೇವಿಯ ಕೋಪ ಆ ಒಂದು ದಿನದ ಮಟ್ಟಿಗೆ ಮಾತ್ರ, ಅಂದು ಅವನು ಡೇರೆಯಲ್ಲಿ ಉಳಿದರೆ ಬದುಕುತ್ತಾನೆ ಎಂದು ಕಾಲಜ್ಞಾನಿ ಹೇಳಿ ಕಳುಹಿಸುತ್ತಾನೆ. ಸುದ್ದಿ ತಲುಪುವಷ್ಟರಲ್ಲಿ ಅಯಾಸ್ ಕಡಲ ತೀರಕ್ಕೆ ನಡೆದುಬಿಟ್ಟಿರುತ್ತಾನೆ. ಕತ್ತಿಯನ್ನು ನೆಲದಲ್ಲಿ ನೆಟ್ಟು ಬದುಕಿನ ಕೊನೆಯ ಗಳಿಗೆಯಲ್ಲಿ ಅವನು ಪ್ರಾರ್ಥಿಸುತ್ತಾನೆ. ದೇವರಾಜ ಸ್ಯೂಸನಲ್ಲಿ ಬೇಡುವುದು ಚಿಕ್ಕದೊಂದು ವರವನ್ನು: ತನ್ನ ಹೆಣ ಶತ್ರುಗಳ ಕಣ್ಣಿಗೆ ಬೀಳುವ ಮೊದಲು ತಮ್ಮನಾದ ಟ್ಯೂಸರನಿಗೆ ಸಿಗಲಿ. ಹರ್ಮೀಸನಲ್ಲಿ ನರಳಾಟವಿಲ್ಲದ ಸಾವನ್ನು ಬೇಡುತ್ತಾನೆ. ಎರಿನ್ಯುಸರನ್ನು ಕರೆದು, ತನಗೆ ಅನ್ಯಾಯವೆಸಗಿದ ಅರಸರು ಹಾಳಾಗಲಿ, ಸೈನ್ಯವನ್ನೂ ಬಿಡಬೇಡಿ ಎಂದು ಶಪಿಸುತ್ತಾನೆ. ಕಡೆಗೆ ಸೂರ್ಯನಿಗೆ, ತನ್ನ ನಾಡಿನ ಮೇಲೆ ಹಾಯುವಾಗ ರಥವನ್ನು ತಡೆದು ಮುದಿ ತಂದೆತಾಯಿಗಳಿಗೆ ಸುದ್ದಿ ಮುಟ್ಟಿಸು ಎನ್ನುತ್ತಾನೆ. ಬೇಡಿಕೆ, ಶಾಪ, ವಿದಾಯ ಮೂರೂ ಒಂದೇ ಉಸಿರಿನಲ್ಲಿ ಬೆರೆತ ಇಂಥ ಭಾಗ ಜಗತ್ತಿನ ನಾಟಕಸಾಹಿತ್ಯದಲ್ಲಿಯೇ ವಿರಳ.

ಆ ಪಾತ್ರಕ್ಕೆ ಶ್ರೀಕಂಠಯ್ಯನವರು ಹುಡುಕಿಕೊಂಡ ಭಾರತೀಯ ಜೊತೆಗಾರ ದ್ರೋಣನ ಮಗ ಅಶ್ವತ್ಥಾಮ. ಅವನೂ ಮಹಾವೀರ, ಅವನೂ ರೋಷದ ಮೂರ್ತಿ, ಅವನೂ ಇರುಳಿನಲ್ಲಿ ಕೊಲೆಗೆ ಹೊರಟವನು. 1929ರಲ್ಲಿ ‘ಅಶ್ವತ್ಥಾಮನ್’ ಪ್ರಕಟವಾಯಿತು. ಹೆಸರಿನ ಕೊನೆಯ ನಕಾರವೇ ಹೇಳುವಂತೆ ಭಾಷೆ ಹಳಗನ್ನಡದ ಬಿಗಿ ಉಳ್ಳದ್ದು. ಆಡುಮಾತಿಗೆ ಹತ್ತಿರದ ಲಯದಲ್ಲಿ ಭಾವಗೀತೆ ಬರೆದವರೇ ಇಲ್ಲಿ ಹಿಂದಕ್ಕೆ ಸರಿದು ಪಂಪ ರನ್ನರ ಗಾಂಭೀರ್ಯವನ್ನು ಆವಾಹಿಸಿಕೊಂಡರು. ದೇವತೆಗಳನ್ನು ಕೂಗಿ ಕರೆಯುವ ಮಾತಿಗೆ, ಎದುರಾಳಿಯನ್ನು ಶಪಿಸುವ ಮಾತಿಗೆ ದಿನಬಳಕೆಯ ನುಡಿ ಸಾಲದು ಎಂದು ಅವರು ಬಗೆದಿರಬೇಕು. ಟ್ಯೂಸರನ ಜಾಗದಲ್ಲಿ ಏಕಲವ್ಯ ನಿಂತ. ಹೆಬ್ಬೆರಳು ಕಳೆದುಕೊಂಡ ಬೇಡ, ಬೆರಳು ಕೇಳಿದ ಗುರುವಿನ ಮಗನ ಪರವಾಗಿ ನಿಲ್ಲುವುದು ವ್ಯಾಸಭಾರತದಲ್ಲಿ ಇಲ್ಲದ, ಆದರೆ ಒಮ್ಮೆ ಓದಿದವರು ಮರೆಯಲಾರದ ಕಲ್ಪನೆ.

ಮೂರು ಸಾವಿರ ವರ್ಷಗಳ ಶಿಕ್ಷೆ

ತೊಡಕು ಇರುವುದು ಇಲ್ಲಿಯೇ. ಅಯಾಸ್ ಸಾಯಬಲ್ಲ, ಅಶ್ವತ್ಥಾಮ ಸಾಯಲಾರ. ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮರೊಂದಿಗೆ ಅವನ ಹೆಸರನ್ನೂ ಸೇರಿಸಿ ಏಳು ಮಂದಿ ಚಿರಂಜೀವಿಗಳನ್ನು ನಾವು ನೆನೆಯುತ್ತೇವೆ. ಆದರೆ ಸೌಪ್ತಿಕ ಪರ್ವ ಹೇಳುವ ಕಥೆ ಕಠೋರವಾದುದು. ಮಲಗಿದ್ದವರನ್ನು ಕೊಂದು, ಉತ್ತರೆಯ ಗರ್ಭದ ಮೇಲೂ ಅಸ್ತ್ರ ಪ್ರಯೋಗಿಸಿದ ಅಶ್ವತ್ಥಾಮನಿಗೆ ಕೃಷ್ಣ ಶಾಪ ಕೊಡುತ್ತಾನೆ. ಮೂರು ಸಾವಿರ ವರ್ಷ, ಜೊತೆಗೆ ಮಾತನಾಡುವವರಿಲ್ಲದೆ, ಕೀವು ರಕ್ತದ ದುರ್ಗಂಧ ಹೊತ್ತು ಕಾಡುಮೇಡು ಅಲೆಯಬೇಕು. ಹುಟ್ಟಿನಿಂದ ಬಂದ ಹಣೆಯ ಮಣಿಯನ್ನೂ ಅವನು ಕಳೆದುಕೊಳ್ಳುತ್ತಾನೆ. ಉಳಿದ ಆರು ಮಂದಿಗೆ ವರವಾದ ಆಯುಷ್ಯ ಇವನೊಬ್ಬನಿಗೆ ದಂಡನೆ.

ನಾಟಕದಲ್ಲಿ ಈ ಅಶ್ವತ್ಥಾಮ ತನ್ನ ಕೈಯಾರೆ ಪ್ರಾಣ ಬಿಡುತ್ತಾನೆ. ಚಿರಂಜೀವಿಯನ್ನು ಸಾಯಿಸುವುದು ಔಚಿತ್ಯವೇ, ಪುರಾಣವನ್ನು ಇಷ್ಟರಮಟ್ಟಿಗೆ ತಿದ್ದಬಹುದೇ ಎಂಬ ಪ್ರಶ್ನೆ ಈ ಕೃತಿಯ ಬೆನ್ನಿಗೆ ಅಂಟಿಕೊಂಡೇ ಬಂದಿದೆ. ಪ್ರಶ್ನೆ ಅಲ್ಲಗಳೆಯುವಂಥದಲ್ಲ. ಪ್ರತಿ ದಿನ ಮುಂಜಾನೆ ಏಳು ಹೆಸರುಗಳನ್ನು ಹೇಳಿಕೊಂಡು ಬಂದವರಿಗೆ ಒಂದು ಹೆಸರು ಕಳಚಿದರೆ ನೋವಾಗುವುದು ಸಹಜ. ನಂಬಿಕೆಯ ಮನೆಯೊಳಗೆ ಕೈಹಾಕುವಾಗ ಲೇಖಕನಿಗೆ ಹೊಣೆಯಿರುತ್ತದೆ.

ಆದರೆ ಇನ್ನೊಂದು ಬದಿಯಿಂದಲೂ ನೋಡಬೇಕು. ಗ್ರೀಕ್ ದೇವಿಯ ಕೋಪಕ್ಕೆ ಒಂದು ದಿನದ ಗಡುವಿತ್ತು. ಕೃಷ್ಣನ ಶಾಪಕ್ಕೆ ಮೂರು ಸಾವಿರ ವರ್ಷದ ಗಡುವು. ಅಯಾಸನಿಗೆ ಸಾವು ಶಿಕ್ಷೆಯಾದರೆ ಅಶ್ವತ್ಥಾಮನಿಗೆ ಅದು ಬಿಡುಗಡೆ. ಅವನು ಎಸಗಿದ ಪಾಪವನ್ನು ಶ್ರೀಕಂಠಯ್ಯನವರು ಮುಚ್ಚಿಡಲಿಲ್ಲ. ಆದರೆ ತಪ್ಪಿತಸ್ಥನಿಗೂ ತನ್ನ ಲಜ್ಜೆಯನ್ನು ತಾನೇ ತೀರಿಸುವ ಘನತೆ ಉಂಟು ಎಂದು ತೋರಿಸಿದರು. ಸೊಫೊಕ್ಲಿಸನ ನಾಟಕದ ಉತ್ತರಾರ್ಧ ಪೂರ್ತಿ ಹೆಣದ ಸಂಸ್ಕಾರದ ವಾದವೇ. ಅಯಾಸನ ಮಗುವಿನ ಕೈಗೆ ಮೂರು ಮಂದಿಯ ಕತ್ತರಿಸಿದ ಕೂದಲನ್ನು ಕೊಟ್ಟು, ಈ ಮಗುವನ್ನು ತಂದೆಯ ದೇಹದಿಂದ ಎಳೆಯುವವನ ಕುಲ ಈ ಕೂದಲಿನಂತೆಯೇ ಬೇರುಸಹಿತ ಕಡಿದುಹೋಗಲಿ ಎಂದು ಟ್ಯೂಸರ್ ಶಪಿಸುತ್ತಾನೆ. ಕಡೆಗೆ ಅಂತ್ಯಕ್ರಿಯೆಗೆ ದಾರಿ ಮಾಡುವವನು ಹಗೆಯಾದ ಒಡಿಸ್ಯೂಸನೇ. ಹಗೆ ಸಾವಿನ ಆಚೆಗೆ ಹೋಗಬಾರದು ಎಂಬ ಈ ಮಾತಿಗಾಗಿಯೇ ಆ ನಾಟಕ ಕನ್ನಡಕ್ಕೆ ಬರಬೇಕಿತ್ತು. ಸಾಯಲೂ ಬಿಡದ ಶಾಪದೊಡನೆ ಅದನ್ನು ಎದುರುಬದುರು ನಿಲ್ಲಿಸಿದ್ದು ಶ್ರೀಕಂಠಯ್ಯನವರ ಧೈರ್ಯ.

ಸೋತವರ ತರ್ಪಣ

1935ರಲ್ಲಿ ಬಂದ ‘ಪಾರಸಿಕರು’ ರೂಪಾಂತರವಲ್ಲ, ಅನುವಾದ. ಕ್ರಿ.ಪೂ. 472ರಲ್ಲಿ ಪ್ರದರ್ಶನಗೊಂಡ ಈಸ್ಕಿಲಸನ ಮೂಲ, ಇಂದು ಪೂರ್ಣವಾಗಿ ಉಳಿದಿರುವ ಗ್ರೀಕ್ ರುದ್ರನಾಟಕಗಳಲ್ಲಿ ಎಲ್ಲಕ್ಕಿಂತ ಹಳೆಯದು. ಎಂಟು ವರ್ಷಗಳ ಹಿಂದೆ ನಡೆದ ಸಲಾಮಿಸ್ ನೌಕಾಯುದ್ಧವೇ ಅದರ ವಸ್ತು. ಗೆದ್ದ ಅಥೆನ್ಸಿನ ಕವಿ ಸೋತ ಪಾರಸಿಕರ ಅರಮನೆಯ ಅಳಲನ್ನು ಬರೆದ. ರಾಜಮಾತೆ ಗಂಡನಾದ ದಾರಯವಹುವಿನ ಸಮಾಧಿಗೆ ಹಾಲು, ಜೇನು, ಚಿಲುಮೆಯ ನೀರು, ದ್ರಾಕ್ಷಾರಸ, ಹೂಮಾಲೆಗಳನ್ನು ತಂದು ತರ್ಪಣ ಬಿಡುತ್ತಾಳೆ. ಮೇಳದ ಹಿರಿಯರು ಮಂತ್ರದಂತೆ ಹಾಡಿ ಪಿತೃವನ್ನು ಕರೆಯುತ್ತಾರೆ. ಎದ್ದುಬಂದ ದೊರೆ, ಕಡಲಿಗೆ ಸಂಕೋಲೆ ತೊಡಿಸಲು ಹೊರಟ ಮಗನ ಸೊಕ್ಕೇ ಈ ಕೇಡಿಗೆ ಕಾರಣ ಎನ್ನುತ್ತಾನೆ. ಪಿತೃಪಕ್ಷ ಆಚರಿಸುವ ನಾಡಿನ ಓದುಗನಿಗೆ ಈ ದೃಶ್ಯ ಅನ್ಯವೆನಿಸದು. ಸಾಮ್ರಾಜ್ಯವೊಂದರ ಅಧೀನದಲ್ಲಿದ್ದ ನಾಡಿನಲ್ಲಿ, ಅತಿ ದೊಡ್ಡ ಸಾಮ್ರಾಜ್ಯವೂ ಮಣ್ಣುಮುಕ್ಕುವ ಕಥೆ ಕನ್ನಡದಲ್ಲಿ ಅಚ್ಚಾಯಿತು ಎಂಬುದೂ ಗಮನಾರ್ಹ.

ಗುರು, ಸಂಘಟಕ

ನಾಟಕಗಳ ನಡುವೆ ಅವರ ಬದುಕು ಪೂರ್ತಿಯಾಗಿ ಸಾರ್ವಜನಿಕ ಕಾರ್ಯದಲ್ಲಿ ಸವೆಯಿತು. 1926ರಿಂದ 1930ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದರು. ಕನ್ನಡ ಎಂ.ಎ. ತರಗತಿ ಆರಂಭವಾದದ್ದು ಆ ಅವಧಿಯಲ್ಲಿ, 1927ರಲ್ಲಿ. ಕುವೆಂಪು, ಡಿ.ಎಲ್. ನರಸಿಂಹಾಚಾರ್ ಅವರಂಥವರು ಅದರ ಮೊದಲ ವಿದ್ಯಾರ್ಥಿಗಳು. 1928ರಲ್ಲಿ ಇಂದಿನ ಕಲಬುರಗಿಯಲ್ಲಿ ನಡೆದ 14ನೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಆ ನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿ 1942ರವರೆಗೆ ದುಡಿದರು. ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ‘ಕನ್ನಡ ನುಡಿ’ ಪತ್ರಿಕೆಗೂ ಕನ್ನಡ ಪರೀಕ್ಷೆಗಳಿಗೂ ಚಾಲನೆ ಕೊಟ್ಟರು.

1938ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ರಾಜಸೇವಾಸಕ್ತ ಎಂಬ ಬಿರುದನ್ನಿತ್ತರು. ಆ ಮಹಾರಾಜರಿಗೆ ಮಕ್ಕಳಿರಲಿಲ್ಲ. 1940ರಲ್ಲಿ ಅವರು ತೀರಿಕೊಂಡಾಗ ಪಟ್ಟವೇರಿದವರು ತಮ್ಮನ ಮಗ ಜಯಚಾಮರಾಜೇಂದ್ರ ಒಡೆಯರು. ಅಲಮೇಲಮ್ಮನ ಮಾತನ್ನು ಜನ ಆಗಲೂ ನೆನೆದರು. ಕಾಕತಾಳೀಯವೋ ಕರ್ಮಫಲವೋ, ಜನಮನದಲ್ಲಿ ಶಾಪಕ್ಕೆ ಮುಪ್ಪಿಲ್ಲ.

ನಿವೃತ್ತಿಯ ನಂತರ ವಿಶ್ರಾಂತಿ ಬಯಸಬಹುದಾಗಿದ್ದ ವಯಸ್ಸಿನಲ್ಲಿ, 1944ರಲ್ಲಿ, ಅವರು ಧಾರವಾಡಕ್ಕೆ ಹೋಗಿ ಕರ್ನಾಟಕ ಎಜುಕೇಶನ್ ಬೋರ್ಡಿನ ಕಲಾ ಕಾಲೇಜಿನ ಪ್ರಾಂಶುಪಾಲರಾದರು. ಇಪ್ಪತ್ತೇಳರ ಹರೆಯದಲ್ಲಿ ಯಾವ ಊರಿನಲ್ಲಿ ಕನ್ನಡದ ವ್ರತ ತೊಟ್ಟರೋ ಅದೇ ಊರಿನಲ್ಲಿ, ಕೆಲಸದಲ್ಲಿರುವಾಗಲೇ, ಬದುಕು ಮುಗಿಯಿತು. ಹರಕೆ ಹೊತ್ತ ಗುಡಿಯಲ್ಲೇ ಹರಕೆ ತೀರಿಸಿದಂತಾಯಿತು.

ಅವರು ತೆರೆದ ಬಾಗಿಲು ಮುಚ್ಚಲಿಲ್ಲ. ಎಸ್.ವಿ. ರಂಗಣ್ಣನವರು ಪಾಶ್ಚಾತ್ಯ ಗಂಭೀರ ನಾಟಕಗಳ ಕುರಿತು ವಿಸ್ತಾರವಾ‌ಗಿ ಬರೆದರು. ಪಿ. ಲಂಕೇಶ್ ಅವರು ಸೊಫೊಕ್ಲಿಸನ ಈಡಿಪಸ್, ಅಂತಿಗೊನೆಯರನ್ನು ಕನ್ನಡಕ್ಕೆ ತಂದರು. ಕೊಲೆಗಾರನಿಗೆ ಹಾಕಿದ ಶಾಪ ತನ್ನ ತಲೆಗೇ ಬಿತ್ತೆಂದು ಅರಿಯುವ ದೊರೆಯನ್ನು ಕನ್ನಡ ಪ್ರೇಕ್ಷಕರು ರಂಗದ ಮೇಲೆ ಕಂಡರು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಪ್ರಕಟವಾದಾಗ, ಅದರ ಕೇಂದ್ರದಲ್ಲಿ ಇದ್ದದ್ದೂ ಒಂದು ಶಾಪವೇ. ಬೆಂಗಳೂರಿನಲ್ಲಿ ಎಂ.ವಿ. ಸೀತಾರಾಮಯ್ಯನವರು ಸ್ಥಾಪಿಸಿದ ಬಿ.ಎಂ.ಶ್ರೀ. ಪ್ರತಿಷ್ಠಾನ ಆ ಹೆಸರನ್ನು ಜೀವಂತವಾಗಿ ಇಟ್ಟಿದೆ.

ದೇವರ ಹೆಸರು ಬೇರೆಯಾದರೂ ಬೇಡುವ ಕೈ ಒಂದೇ, ಶಪಿಸುವ ಸಂಕಟವೂ ಒಂದೇ ಎಂಬುದನ್ನು ಈ ಮೇಷ್ಟ್ರು ತಮ್ಮ ಕೃತಿಗಳಿಂದ ತೋರಿಸಿಕೊಟ್ಟರು. ಅವರ ಗೀತೆಗಳು ಜನರ ಬಾಯಲ್ಲಿವೆ. ನಾಟಕಗಳು ಗ್ರಂಥಾಲಯದ ಕಪಾಟಿನಲ್ಲಿವೆ. ಮುಂದಿನ ಜನವರಿಯಲ್ಲಿ ಹಾರ ಹಾಕುವ ಮುನ್ನ ಯಾರಾದರೂ ‘ಅಶ್ವತ್ಥಾಮನ್’ ನಾಟಕದ ಪುಟಗಳನ್ನು ಒಮ್ಮೆ ತಿರುವಿದರೆ, ಮೂರು ಸಾವಿರ ವರ್ಷ ಅಲೆಯಬೇಕಾದವನಿಗೆ ಒರಗಲು ನೆಲ ಕೊಟ್ಟ ಕರುಣೆ ಎಂಥದೆಂದು ತಿಳಿದೀತು.